ಮೊದಲು ಕಿವಿ, ಆಮೇಲೆ ಅಕ್ಷರ

ಓದು ಕಲಿಸುವ ವಿಷಯದಲ್ಲಿ ನಾನು ಧ್ವನಿಯ ಪಕ್ಷದವಳು. ಅಕ್ಷರವನ್ನು ಅದರ ಉಚ್ಚಾರದ ಮೂಲಕವೇ ಮಗುವಿಗೆ ಪರಿಚಯಿಸಬೇಕು, ನಾಲ್ಕೈದು ಅಕ್ಷರ ಬಂದ ಕೂಡಲೇ ಅವನ್ನು ಕೂಡಿಸಿ ಪದ ಓದಿಸಬೇಕು, ಚಿತ್ರ ನೋಡಿ ಅಂದಾಜಿನ ಮೇಲೆ ಹೇಳಿದ್ದನ್ನು ಓದು ಎಂದು ಲೆಕ್ಕ ಹಿಡಿಯಬಾರದು ಎಂಬುದು ನನ್ನ ನಂಬಿಕೆ. ಕಾಗವಾಡ ತಾಲ್ಲೂಕಿನ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ ನಲಿ-ಕಲಿ ಮಕ್ಕಳ ಜೊತೆ ನೆಲದ ಮೇಲೆ ಕೂತು ಕಲಿಸುತ್ತ ಬಂದಂತೆ ಅದು ಗಟ್ಟಿಯಾಗಿದೆ. ಸಮಾಲೋಚನಾ ಸಭೆಗಳಲ್ಲಿ ಇದಕ್ಕಾಗಿ ದನಿ ಏರಿಸಿ ವಾದಿಸಿದ್ದೇನೆ, ಮುಂದೆಯೂ ವಾದಿಸುತ್ತೇನೆ. ಹೀಗೆ ಒಂದು ಪಕ್ಷ ಹಿಡಿದು ನಿಂತವರಿಗೆ ತಮ್ಮನ್ನು ತಾವು ಪ್ರಶ್ನಿಸಿಕೊಳ್ಳುವ ಹೊಣೆಯೂ ಇರುತ್ತದೆ. ಈ ಪದ್ಧತಿ ನನಗೇಕೆ ಇಷ್ಟು ಹಿಡಿಸಿತು? ಇದರಿಂದ ಮಕ್ಕಳಿಗೆ ಸಿಗುವುದೆಷ್ಟು, ನನಗೆ ಸಿಗುವ ಸಮಾಧಾನ ಎಷ್ಟು? ‘ಈ ಅಕ್ಷರದ ಸದ್ದು ಇದು’ ಎಂದು ನಾನು ಹೇಳುವಾಗ ಅದು ಯಾರ ಬಾಯಿಂದ ಬಂದ ಸದ್ದು? ಇಲ್ಲಿ ಬರೆಯುತ್ತಿರುವುದು ಈ ಪ್ರಶ್ನೆಗಳಿಗೆ ನನ್ನೊಳಗೆ ನಾನು ಹುಡುಕಿಕೊಂಡ ಉತ್ತರಗಳನ್ನು.

ಕಾಗವಾಡದಂಥ ಊರಲ್ಲಿ ಇದ್ದವರಿಗೆ ಇಂಥ ಪ್ರಶ್ನೆಗಳು ತಾವಾಗಿಯೇ ಎದುರಾಗುತ್ತವೆ. ಅಥಣಿಯಿಂದ ಬೇರೆಯಾಗಿ ತಾಲ್ಲೂಕು ಆದದ್ದು ಈಚಿನ ಮಾತು. ಎರಡು ಭಾಷೆಗಳ ನಡುವೆ ಬದುಕುತ್ತಿರುವುದು ತಲೆಮಾರುಗಳಿಂದ. ನಮಗೆ ಬೆಳಗಾವಿಗಿಂತ ಮೀರಜ ಎಷ್ಟೋ ಹತ್ತಿರ. ದೊಡ್ಡ ದವಾಖಾನೆ ಅಂದರೆ ಮೀರಜ, ಮದುವೆಯ ಬಟ್ಟೆಗೆ ಸಾಂಗಲಿ, ಸರ್ಕಾರಿ ಕಾಗದಪತ್ರಕ್ಕೆ ಚಿಕ್ಕೋಡಿ, ಬೆಳಗಾವಿ. ಶೇಡಬಾಳ, ಉಗಾರ, ಶಿರಗುಪ್ಪಿ, ಜುಗೂಳ, ಯಾವ ಊರಿಗೆ ಹೋದರೂ ಒಂದೇ ಓಣಿಯಲ್ಲಿ ಕನ್ನಡ ಮರಾಠಿ ಎರಡೂ ಕೇಳುತ್ತವೆ. ಕೆಲವು ಮನೆಗಳಲ್ಲಿ ಒಂದೇ ವಾಕ್ಯದೊಳಗೇ ಎರಡೂ ಬರುತ್ತವೆ. ನಮ್ಮ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿವೆ. ಗಡಿಯ ಆಚೆ ಜತ್ತ ತಾಲ್ಲೂಕಿನಲ್ಲಿ ಕನ್ನಡ ಶಾಲೆಗಳಿವೆ. ಅವುಗಳಿಗೆ ಪುಣೆಯ ಬಾಲಭಾರತಿ ಕನ್ನಡದಲ್ಲೇ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಇಂಥ ನೆಲದಲ್ಲಿ ಒಂದನೇ ತರಗತಿಗೆ ಬಂದು ಕೂತ ಮಗುವಿನ ಬಾಯಲ್ಲಿ ಯಾವ ಸದ್ದುಗಳಿವೆ ಎಂಬುದನ್ನು ಹಾಜರಿ ಪುಸ್ತಕ ನೋಡಿ ಹೇಳಲಾಗುವುದಿಲ್ಲ. ಬಾಯಿ ಬಿಡಿಸಿ ಕೇಳಿಯೇ ತಿಳಿಯಬೇಕು.

ನನ್ನ ಪಕ್ಷದ ಬಲವನ್ನು ಮೊದಲು ಹೇಳುತ್ತೇನೆ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಅದನ್ನು ನಮ್ಮ ಕನ್ನಡಕ್ಕೆ ಒಗ್ಗಿಸಿಕೊಂಡರು. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಅಕ್ಷರ ಕಲಿಕೆ ‘ಅ ಆ ಇ ಈ’ ಎಂದು ಶುರುವಾಗುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ವರ್ಣಮಾಲೆಯ ಕ್ರಮದಲ್ಲೇ ಹೋದರೆ ಮಗು ಹದಿಮೂರು ಸ್ವರ ಮುಗಿಸಿ ವ್ಯಂಜನಕ್ಕೆ ಬರುವ ತನಕ ಒಂದು ಪದವನ್ನೂ ನೆಟ್ಟಗೆ ಓದಲಾರದು. ಈ ಐದು ಅಕ್ಷರ ಬಂದರೆ ಸಾಕು, ಸರ, ರಸ, ದರ, ಅರಸ, ಅಗಸ, ಗರಗಸ ಓದಬಹುದು. ಗುಣಿತ ಬೇಡ, ಒತ್ತು ಬೇಡ. ಕಲಿತ ವಾರದಲ್ಲೇ ಮಗುವಿಗೆ ತಾನು ಓದಬಲ್ಲೆ ಎಂಬ ಧೈರ್ಯ ಬರುತ್ತದೆ.

ಇಂಗ್ಲೆಂಡಿನ ಜಾಲಿ ಫೋನಿಕ್ಸ್ ಪದ್ಧತಿಯ ಒಳಗಿರುವುದೂ ಇದೇ ಯೋಚನೆ. ಅವರು 42 ಸದ್ದುಗಳನ್ನು ಗುಂಪು ಮಾಡಿ ಕಲಿಸುತ್ತಾರೆ. ಮೊದಲ ಗುಂಪು ಎ, ಬಿ, ಸಿ ಅಲ್ಲ. ಎಸ್, ಎ, ಟಿ, ಐ, ಪಿ, ಎನ್. ಈ ಆರು ಬಂದರೆ ಸ್ಯಾಟ್, ಪಿನ್, ಟ್ಯಾಪ್ ಓದಬಹುದು. ಈಗ ನಮ್ಮ ಕಡೆಯ ಊರುಗಳಲ್ಲೂ ‘ಫೋನಿಕ್ಸ್ ಕ್ಲಾಸ್’ ಎಂಬ ಫಲಕಗಳು ಕಾಣುತ್ತವೆ, ತಂದೆತಾಯಿ ಫೀ ಕಟ್ಟಿ ಮಕ್ಕಳನ್ನು ಕಳಿಸುತ್ತಾರೆ. ಅದೇ ತತ್ವದ ಕಲಿಕೆ ತಮ್ಮ ಓಣಿಯ ಸರ್ಕಾರಿ ಶಾಲೆಯಲ್ಲಿ, ತಮ್ಮದೇ ಭಾಷೆಯಲ್ಲಿ, ಪುಕ್ಕಟೆಯಾಗಿ ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲ. ಅವರಿಗೆ ಮುಟ್ಟುವಂತೆ ನಾವು ಅದನ್ನು ಹೇಳಿಲ್ಲ.

ಇನ್ನು ನನ್ನೊಳಗಿನ ಮಾತು. ಈ ಪದ್ಧತಿಯ ಮೇಲಿನ ನನ್ನ ಪ್ರೀತಿಯಲ್ಲಿ ಒಂದು ಪಾಲು ಕ್ರಮದ ಮೇಲಿನ ಆಸೆ. ಮೈಲಿಗಲ್ಲು, ಮೆಟ್ಟಿಲು, ಕಾರ್ಡು, ತಟ್ಟೆ. ಯಾವ ಮಗು ಎಲ್ಲಿದೆ ಎಂದು ಪ್ರಗತಿ ನೋಟದ ಮೇಲೆ ಬೆರಳಿಟ್ಟು ತೋರಿಸಬಹುದು. ಮಕ್ಕಳು ತುಂಬಿದ ಕೋಣೆಯಲ್ಲಿ, ಮೂರು ತರಗತಿಗಳನ್ನು ಒಟ್ಟಿಗೆ ಹಿಡಿದು ಕೂತವಳಿಗೆ ಇಷ್ಟು ಖಚಿತವಾದದ್ದು ಕೈಗೆ ಸಿಕ್ಕರೆ ಎಷ್ಟು ನೆಮ್ಮದಿ ಎಂಬುದನ್ನು ಈ ಕೆಲಸ ಮಾಡಿದವರೇ ಬಲ್ಲರು. ಕಥೆ ಹೇಳಿದರೆ ಮಗುವಿನೊಳಗೆ ಏನು ಉಳಿಯಿತೋ ತಿಳಿಯುವುದಿಲ್ಲ. ‘ಗರಗಸ’ ಓದಿಸಿದರೆ ಬಂತು ಅಥವಾ ಬರಲಿಲ್ಲ, ಎರಡೇ ಉತ್ತರ. ಆ ಎರಡೇ ಉತ್ತರದ ಸುಖ ನನಗೆ ಬೇಕಾಗಿದೆ. ಅದು ನನ್ನ ಬೇಕು. ಮಗುವಿನ ಬೇಕು ಅದರ ಜೊತೆ ಎಲ್ಲ ದಿನವೂ ಹೊಂದಿಕೆಯಾಗುವುದಿಲ್ಲ. ಹೊಂದಿಕೆಯಾಗದ ದಿನ ನಾನು ಯಾವ ಕಡೆ ವಾಲುತ್ತೇನೆ ಎಂಬುದನ್ನು ಕಾಯ್ದು ನೋಡುವುದೇ ನನ್ನ ಪಾಲಿನ ಆತ್ಮಪರೀಕ್ಷೆ.

ಒಂದು ಪ್ರಸಂಗ ಹೇಳುತ್ತೇನೆ. ಮೊದಲ ಐದು ಅಕ್ಷರ ಬಂದ ಮೇಲೆ ಮಿಂಚುಪಟ್ಟಿಗಳನ್ನು ಮಕ್ಕಳ ಮುಂದೆ ಹರಡಿ, ಕೂಡಿಸಿ ಪದ ಮಾಡಿರಿ ಎಂದೆ. ಸರ, ರಸ, ಅಗಸ ಬಂದವು. ಮೂಲೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ಮೂರು ಪಟ್ಟಿ ಜೋಡಿಸಿ, “ಅಕ್ಕೋರ, ದಗದ!” ಅಂದಳು. ನಾನು ಹೇಳಿಕೊಡದ ಪದ. “ನಮ್ಮಪ್ಪ ದಗದಕ್ಕ ಹೋಗ್ಯಾನ್ರಿ” ಎಂದು ಅರ್ಥವನ್ನೂ ಕೂಡಿಸಿ ಹೇಳಿದಳು. ಹಲಗೆಯ ಮೇಲೆ ಬರೆಯಲು ಎತ್ತಿದ ನನ್ನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಬರೆದೆ, ಎಲ್ಲರ ಕೈಲೂ ಓದಿಸಿದೆ. ಆ ಒಂದು ಗಳಿಗೆಯ ತಡೆಯನ್ನು ಮಾತ್ರ ನನಗೆ ಮರೆಯಲಾಗಿಲ್ಲ. ಉತ್ತರ ಕರ್ನಾಟಕದ ಯಾವ ಮನೆಯಲ್ಲಿ ದಗದ ಎಂಬ ಮಾತಿಲ್ಲ? ನನ್ನ ಅವ್ವನೂ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಮಗು ಸದ್ದು ಸರಿಯಾಗಿ ಕೂಡಿಸಿದೆ, ಅರ್ಥ ಬಲ್ಲದು, ಯಾರ ಸಹಾಯವೂ ಇಲ್ಲದೆ ಓದಿದೆ. ಓದು ಎಂಬುದು ಇದಕ್ಕಿಂತ ಪೂರ್ತಿಯಾಗಿ ಆಗುವುದು ಸಾಧ್ಯವೇ? ಆದರೂ ನನ್ನೊಳಗಿನ ಒಬ್ಬ ಶಿಕ್ಷಕಿ, ‘ಇದು ಪುಸ್ತಕದ ಪದ ಹೌದೋ ಅಲ್ಲವೋ’ ಎಂದು ಒಪ್ಪಿಗೆಗಾಗಿ ಮೇಲೆ ನೋಡಿದಳು. ಹಾಗೆ ಮೇಲೆ ನೋಡುವ ಅಭ್ಯಾಸ ನನಗೆ ಎಲ್ಲಿಂದ ಬಂತು? ನಾನು ಓದಿದ ಶಾಲೆಯಿಂದ, ಟಿಸಿಎಚ್ ಪರೀಕ್ಷೆಯಿಂದ, ನನ್ನ ಭಾಷೆಯನ್ನು ನಾನೇ ಹಳ್ಳಿಯ ಭಾಷೆ ಎಂದು ಪಕ್ಕಕ್ಕೆ ಸರಿಸಿ ಬೆಳೆದದ್ದರಿಂದ. ಧ್ವನಿ ಪದ್ಧತಿಗೆ ಈ ಅಭ್ಯಾಸ ಅಂಟಿಕೊಂಡರೆ ಅದು ಧ್ವನಿಯ ಪದ್ಧತಿಯಾಗಿ ಉಳಿಯುವುದಿಲ್ಲ. ಗ್ರಂಥದ ಉಚ್ಚಾರ ಕಲಿಸುವ ಪದ್ಧತಿಯಾಗುತ್ತದೆ.

ಇದು ಇನ್ನೂ ಸೂಕ್ಷ್ಮವಾಗುವುದು ಗುಣಿತಾಕ್ಷರಕ್ಕೆ ಬಂದಾಗ. ನಮ್ಮ ಕಡೆಯ ಮಾತಿನಲ್ಲಿ ಮನೆ ‘ಮನಿ’, ಆನೆ ‘ಆನಿ’, ಎಲೆ ‘ಎಲಿ’, ಶಾಲೆ ‘ಸಾಲಿ’. ಮಗು ಕಾರ್ಡು ಹಿಡಿದು ‘ಆನಿ’ ಅಂತು. ಕಾರ್ಡಿನ ಮೇಲೆ ಇರುವುದು ‘ಆನೆ’. ಇದು ತಪ್ಪು ಓದೇ? ಚಿತ್ರ ನೋಡಿ ಹೇಳಿದ್ದೇ? ನೆ ಎಂಬ ಅಕ್ಷರ ಗೊತ್ತಿಲ್ಲದೆ ನಿ ಅಂದದ್ದೇ? ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಚಿತ್ರ ಮುಚ್ಚಿ ಓದಿಸಿದೆ, ಆಗಲೂ ‘ಆನಿ’. ‘ನೆಲ’ ಎಂದು ಬರೆದು ತೋರಿಸಿದೆ, ಸ್ಪಷ್ಟವಾಗಿ ‘ನೆಲ’ ಅಂತು. ಅಂದರೆ ಮಗುವಿಗೆ ನೆ ಗೊತ್ತಿದೆ. ಪದದ ಕೊನೆಗೆ ಬಂದ ಎಕಾರ ಅದರ ಬಾಯಲ್ಲಿ ಇಕಾರವಾಗುತ್ತದೆ, ನಮ್ಮೆಲ್ಲರ ಬಾಯಲ್ಲಿ ಆಗುವ ಹಾಗೆಯೇ. ಅದು ಅಕ್ಷರ ನೋಡಿ, ಪದ ಗುರುತಿಸಿ, ತನ್ನ ಮಾತಿಗೆ ತಂದುಕೊಂಡು ಹೇಳಿತು. ಓದಿನ ಕೆಲಸ ಪೂರ್ತಿ ಮುಗಿದಿತ್ತು.

ಬರವಣಿಗೆಯಲ್ಲಿ ಇದು ತಿರುಗಿ ನನ್ನನ್ನೇ ಪ್ರಶ್ನಿಸುತ್ತದೆ. ‘ನೀನು ಅಂದ ಹಾಗೆ ಬರೆ’ ಎನ್ನುವುದು ನಾನು ಕಲಿಸುವ ನಿಯಮ. ಮಗು ತಾನು ಅಂದ ಹಾಗೆಯೇ ‘ಮನಿ’ ಎಂದು ಪಾಟಿಯ ಮೇಲೆ ಬರೆಯುತ್ತದೆ. ನನ್ನ ನಿಯಮದ ಪ್ರಕಾರ ಅದಕ್ಕೆ ಪೂರ್ತಿ ಅಂಕ ಸಿಗಬೇಕು. ಈಗ ನಾನು ಹೇಳುವುದು ಹೀಗೆ: “ನೀ ಅಂದದ್ದನ್ನ ಬರೋಬರಿ ಬರದೀ. ಪುಸ್ತಕದಾಗ ಇದನ್ನ ಮನೆ ಅಂತ ಬರೀತಾರ, ಬೆಂಗಳೂರಾಗ, ಮೈಸೂರಾಗ ಇರೋ ಹುಡುಗರಿಗೂ ತಿಳೀಲಿ ಅಂತ.” ಇಷ್ಟು ಹೇಳುವುದಕ್ಕೆ ಅರ್ಧ ನಿಮಿಷ ಬೇಕು. ಕೆಂಪು ಗೆರೆ ಎಳೆಯುವುದಕ್ಕೆ ಒಂದು ಕ್ಷಣ ಸಾಕು. ಗಡಿಬಿಡಿಯ ದಿನಗಳಲ್ಲಿ ಕೈ ಆ ಒಂದು ಕ್ಷಣದ ದಾರಿಗೆ ಹೋಗಲು ತವಕಿಸುತ್ತದೆ. ಆ ತವಕ ನನ್ನಲ್ಲಿದೆ ಎಂಬುದನ್ನು ಬಲ್ಲೆನಾದ್ದರಿಂದಲೇ ಅದನ್ನು ಹಿಡಿದು ನಿಲ್ಲಿಸುತ್ತೇನೆ.

ಮನೆಯಲ್ಲಿ ಮರಾಠಿ ಆಡುವ ಮಕ್ಕಳ ಕತೆ ಬೇರೆ. ಮರಾಠಿಯಲ್ಲಿ ಪದದ ಕೊನೆಯ ಅಕಾರ ಉಚ್ಚಾರದಲ್ಲಿ ಬೀಳುತ್ತದೆ. ಬರೆಯುವುದು ಘರ, ಅನ್ನುವುದು ಘರ್. ಆ ಕಿವಿಯಿಂದ ಬಂದ ಮಗು ನಮ್ಮ ‘ಸರ’ವನ್ನು ‘ಸರ್’ ಎಂದು ಓದುತ್ತದೆ, ‘ರಸ’ವನ್ನು ‘ರಸ್’ ಎನ್ನುತ್ತದೆ. ಅಕ್ಷರ ಬಂದಿಲ್ಲ ಎಂದು ಅದನ್ನು ಮೊದಲ ಮೆಟ್ಟಿಲಿಗೆ ಇಳಿಸಿದರೆ ಅನ್ಯಾಯ. ಅದರ ಭಾಷೆ ಅದಕ್ಕೆ ಕಲಿಸಿದ ನಿಯಮವನ್ನು ಅದು ನಿಷ್ಠೆಯಿಂದ ಪಾಲಿಸುತ್ತಿದೆ. ‘ಕನ್ನಡದಾಗ ಕಡೀ ಅಕ್ಷರನೂ ಪೂರ್ತಿ ಅನ್ನಬೇಕು’ ಎಂದು ಒಂದು ಸಲ ತಿಳಿಸಿ, ನಾಲ್ಕು ದಿನ ಆಡಿಸಿದರೆ ಸಾಕು. ಅದೇ ಮಗು ಮುಂದೆ ಮಹಾಪ್ರಾಣಕ್ಕೆ ಬಂದಾಗ ಕನ್ನಡದ ಮಕ್ಕಳಿಗಿಂತ ಮುಂದೆ ಇರುತ್ತದೆ. ಗ ಮತ್ತು ಘ, ಕ ಮತ್ತು ಖ ಅದಕ್ಕೆ ಬೇರೆ ಬೇರೆಯಾಗಿಯೇ ಕೇಳುತ್ತವೆ. ನಮ್ಮ ಕನ್ನಡ ಮನೆಯ ಮಗುವಿಗೆ ಆ ವ್ಯತ್ಯಾಸ ಕಣ್ಣಿಗೆ ಮಾತ್ರ, ಕಿವಿಗೆ ಇಲ್ಲ. ಹೀಗೆ ಒಂದೇ ಚಾಪೆಯ ಮೇಲೆ ಕೂತ ಇಬ್ಬರು ಮಕ್ಕಳಿಗೆ ಸುಲಭವಾದದ್ದೂ ಕಠಿಣವಾದದ್ದೂ ಅದಲು ಬದಲಾಗಿರುತ್ತವೆ. ಎಲ್ಲರಿಗೂ ಒಂದೇ ಕ್ರಮದಲ್ಲಿ ಸದ್ದು ಕಲಿಸುವುದೇ ಸಮಾನತೆ ಎಂದು ನನ್ನ ಮನಸ್ಸು ನಂಬಲು ಬಯಸುತ್ತದೆ. ಗಡಿಯ ತರಗತಿ ಅದನ್ನು ದಿನವೂ ಅಲ್ಲಗಳೆಯುತ್ತದೆ.

ಕನ್ನಡ ಲಿಪಿ ಶಿಕ್ಷಕರಿಗೆ ಮಾಡಿಕೊಟ್ಟ ಅನುಕೂಲ ದೊಡ್ಡದು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಒಂದು, ಸದ್ದು ಇನ್ನೊಂದು. 26 ಅಕ್ಷರ, ಸುಮಾರು 44 ಸದ್ದು. ನಮ್ಮಲ್ಲಿ ‘ಗ’ ಎಂಬ ಅಕ್ಷರದ ಹೆಸರೇ ಅದರ ಸದ್ದು. ಆದರೆ ಈ ಅನುಕೂಲದ ಒಳಗೇ ಒಂದು ಕಷ್ಟವಿದೆ. ‘ಗ’ದೊಳಗೆ ಗ್ ಮತ್ತು ಅ ಎರಡಿವೆ ಎಂಬುದು ಮಗುವಿಗೆ ಕೇಳಿಸುವುದಿಲ್ಲ, ಅದಕ್ಕೆ ಗ ಒಂದೇ ತುಂಡು. ಗುಡಿಸು ಹಚ್ಚಿ ‘ಗಿ’ ಮಾಡಿದಾಗ ಅಕಾರ ಎಲ್ಲಿ ಹೋಯಿತು? ಕೆಲವು ಮಕ್ಕಳು ‘ಗಇ’ ಎಂದು ಓದುತ್ತಾರೆ. ತರ್ಕ ಸರಿಯಾಗಿಯೇ ಇದೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿಕೊಟ್ಟಿತು: ಇಡೀ ಅಕ್ಷರದ ಸದ್ದು ಮಕ್ಕಳಿಗೆ ಬೇಗ ಹಿಡಿತಕ್ಕೆ ಬರುತ್ತದೆ, ಅಕ್ಷರದ ಒಳಗಿನ ಬಿಡಿ ಧ್ವನಿಯ ತಿಳಿವಳಿಕೆ ನಿಧಾನವಾಗಿ ಬರುತ್ತದೆ, ಇಂಗ್ಲಿಷಿನ ಅಕ್ಷರಮಾಲೆಯ ಹಾಗೆ ಒಂದೆರಡು ವರ್ಷದಲ್ಲಿ ಮುಗಿಯದೆ, ನಮ್ಮ ಅಕ್ಷರಗಳ ಕಲಿಕೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳ ತನಕವೂ ನಡೆಯುತ್ತದೆ. ಅದು ತಿಳಿದಂದಿನಿಂದ ‘ಮೂರನೇತ್ತೆ ಬಂದರೂ ಒತ್ತಕ್ಷರ ಬರಲಿಲ್ಲ’ ಎಂಬ ಮಾತು ನನ್ನ ಬಾಯಲ್ಲಿ ಕಡಿಮೆಯಾಗಿದೆ.

ಒತ್ತಕ್ಷರದಲ್ಲಿ ಅರ್ಕಾವೊತ್ತಿನದು ಇನ್ನೊಂದು ಬಗೆ. ‘ಕರ್ನಾಟಕ’ ಎಂದು ಹಲಗೆಯ ಮೇಲೆ ಬರೆಯಿರಿ. ಬಾಯಿ ರ್ ಅನ್ನುವುದು ನಾ ಗಿಂತ ಮೊದಲು. ಕಣ್ಣಿಗೆ ಆ ಗುರುತು ಕಾಣುವುದು ನಾ ಆದ ಮೇಲೆ. ಎಡದಿಂದ ಬಲಕ್ಕೆ ಒಂದೊಂದೇ ಸದ್ದು ಕೂಡಿಸುತ್ತ ಬಂದ ಮಗು ‘ಕನಾರ್ಟಕ’ ಎಂದೇ ಓದುತ್ತದೆ. ನಾನು ಕಲಿಸಿದ್ದನ್ನು ಅಕ್ಷರಶಃ ಮಾಡಿದೆ. ಇಲ್ಲಿ ಸದ್ದಿನ ಪದ್ಧತಿ ಒಂದೇ ಸಾಲದು. ಆ ಪದವನ್ನು ಮಗು ಮೊದಲೇ ನೂರು ಸಲ ಕೇಳಿರಬೇಕು. ಆಗ ಓದುತ್ತ ಓದುತ್ತ ತಾನೇ ತಡೆದು ತಿದ್ದಿಕೊಳ್ಳುತ್ತದೆ. ಕೇಳದ ಪದವಾದರೆ, ಅರ್ಚನೆ, ತರ್ಕ, ವರ್ಗ, ತಿದ್ದಿಕೊಳ್ಳಲು ಅದಕ್ಕೆ ಆಧಾರವೇ ಇಲ್ಲ. ಓದು ನಿಲ್ಲುವುದು ಕೇಳಿದ ಮಾತುಗಳ ಮೇಲೆ ಎಂಬುದು ನನಗೆ ಗಟ್ಟಿಯಾಗಿ ಮನವರಿಕೆಯಾದದ್ದು ಈ ಚಿಕ್ಕ ಗುರುತಿನಿಂದ. ಹಾಗಾಗಿ ಕಥೆ ಹೇಳುವುದನ್ನು ನಾನು ಬಿಡುವಿದ್ದಾಗ ಮಾಡುವ ಕೆಲಸ ಎಂದು ಎಣಿಸುವುದಿಲ್ಲ. ಲೆಕ್ಕಕ್ಕೆ ಸಿಗದಿದ್ದರೂ ಅದು ಓದಿನ ಅರ್ಧ ಪಾಠ.

ನಾನು ಸ್ವತಃ ಓದು ಕಲಿತದ್ದು ಹೀಗೆ ಅಲ್ಲ. ಕಂಠಪಾಠದಿಂದ ಕಲಿತೆ. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ ಎಂದು ಇಡೀ ವರ್ಗ ಒಂದೇ ದನಿಯಲ್ಲಿ ಹೇಳುತ್ತಿತ್ತು. ಓಣಿಯ ತನಕ ಕೇಳುತ್ತಿತ್ತು. ಮರಾಠಿ ಸಾಲಿಯ ಮಕ್ಕಳು ಬಾರಾಖಡಿ ಹೇಳುವುದೂ ಹಾಗೆಯೇ. ತರಬೇತಿಗಳಲ್ಲಿ ಇದನ್ನು ಉರು ಹೊಡೆಸುವುದು ಎಂದು ತಳ್ಳಿಹಾಕುವಾಗ ನಾನೂ ತಲೆಯಾಡಿಸುತ್ತೇನೆ. ಆದರೆ ನನ್ನ ತಲೆಯಾಡಿಸುವಿಕೆಯಲ್ಲಿ ಎಷ್ಟು ತಿಳಿವಳಿಕೆ, ಎಷ್ಟು ಹೊಸಬರಾಗಬೇಕೆಂಬ ಹಂಬಲ ಎಂದು ಕೇಳಿಕೊಂಡಾಗ ಉತ್ತರ ಸುಲಭವಿಲ್ಲ. ಆ ಕಾಗುಣಿತದ ರಾಗದಲ್ಲಿ ಗುರುತಿಗೊಂದು ಹೆಸರು, ಹೆಸರಿಗೊಂದು ಸದ್ದು, ಮೂರೂ ಕೂಡಿ ಬರುತ್ತಿದ್ದವು. ‘ಗ ಗುಡಿಸು ಗಿ’ ಎನ್ನುವಾಗ ಅಕಾರ ಹೋಗಿ ಇಕಾರ ಬಂದದ್ದನ್ನು ಬಾಯಿಯೇ ಕಲಿಯುತ್ತಿತ್ತು. ಅದರ ಕೊರತೆ ಇದ್ದದ್ದು ಬೇರೆ ಕಡೆ: ತಿಂಗಳುಗಟ್ಟಲೆ ಹೇಳಿದರೂ ಮಗುವಿಗೆ ಓದಲು ಒಂದು ಪದ ಸಿಗುತ್ತಿರಲಿಲ್ಲ, ಹಿಂದೆ ಉಳಿದವರು ಗುಂಪಿನ ದನಿಯಲ್ಲಿ ಅಡಗಿ ಕೂರುತ್ತಿದ್ದರು. ಈ ಎರಡು ಕೊರತೆ ತೆಗೆದರೆ ಆ ರಾಗ ನನ್ನ ಪಕ್ಷದ್ದೇ. ಈಗ ಗುಣಿತ ಕಲಿಸುವಾಗ ನಾನು ಅದನ್ನು ಹಾಡಿಸುತ್ತೇನೆ. ಹಾಡಿ ಮುಗಿದ ಕೂಡಲೇ ಒಬ್ಬೊಬ್ಬರಿಗೆ ಒಂದೊಂದು ಪದ ಓದಲು ಕೊಡುತ್ತೇನೆ.

ಫಲಿತಾಂಶದ ಆಸೆಯ ಬಗ್ಗೆಯೂ ಹೇಳಲೇಬೇಕು. 2021ರಲ್ಲಿ ಶುರುವಾದ ನಿಪುಣ ಭಾರತ ಯೋಜನೆ 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದುವಂತಾಗಬೇಕು ಎಂದು ಗುರಿ ಇಟ್ಟುಕೊಂಡಿತು. ಆ ಗುರಿ ನನ್ನದೂ ಹೌದು. ಅದರ ಅಳತೆಗಳಲ್ಲಿ ಒಂದು, ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಎಂಬುದು. ಕನ್ನಡದ ಪದ ಎಷ್ಟು ಉದ್ದ ಎಂಬುದು ಅಳತೆಗೆ ಗೊತ್ತಾಗುವುದಿಲ್ಲ. ‘ಬರಬೇಕಾಗಿತ್ತಂತೆ’ ಎಂಬುದು ನಮಗೆ ಒಂದೇ ಪದ. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಅಷ್ಟನ್ನೇ ಹೇಳಲು ಹಲವು ಪದ ಬೇಕು. ಗಡಿಯಾರ ಹಿಡಿದು ಓದಿಸುವಾಗ ಮಗು ಬೇಗ ಓದಿದರೆ ನನಗೆ ಆಗುವ ಹಿಗ್ಗು ಸುಳ್ಳಲ್ಲ. ನಮ್ಮ ಲಿಪಿ ಸದ್ದಿಗೆ ಅಷ್ಟು ನಿಷ್ಠವಾಗಿರುವುದರಿಂದ ಅರ್ಥ ತಿಳಿಯದ ಪುಟವನ್ನೂ ಮಗು ಗಟ್ಟಿಯಾಗಿ, ಲಯಬದ್ಧವಾಗಿ ಓದಿಬಿಡಬಹುದು. ಮನೆಯಲ್ಲಿ ಕನ್ನಡವೇ ಕೇಳದ ಮಗು ಕೂಡ. ಕೇಳಿದವರು ಶಹಬ್ಬಾಸ್ ಅನ್ನುತ್ತಾರೆ, ನನ್ನ ತರಗತಿಗೆ ಒಳ್ಳೆಯ ಹೆಸರು ಬರುತ್ತದೆ. ಆ ಹಿಗ್ಗು ಬಂದಾಗಲೆಲ್ಲ ನಾನು ಮಗುವನ್ನು ಕೇಳುವ ಪ್ರಶ್ನೆ ಒಂದೇ: “ಏನ ಆತು ಅದರಾಗ? ನಿನ್ನ ಮಾತಿನಾಗ ಹೇಳು.” ಮರಾಠಿಯಲ್ಲಿ ಹೇಳಿದರೂ ಒಪ್ಪುತ್ತೇನೆ. ಹೇಳಲಾಗದಿದ್ದರೆ ಆ ಹಿಗ್ಗಿಗೆ ನಾನು ಹಕ್ಕುದಾರಳಲ್ಲ.

ಹೊರಗಿನ ಜಗತ್ತಿನ ಪುರಾವೆಗಳ ಮೇಲೂ ನನಗೆ ಆಸೆ ಇದೆ. 1955ರಲ್ಲಿ ಅಮೆರಿಕದಲ್ಲಿ ರುಡಾಲ್ಫ್ ಫ್ಲೆಶ್ ತಮ್ಮ ಪುಸ್ತಕದಲ್ಲಿ, ಪದವನ್ನು ಚಿತ್ರದ ಹಾಗೆ ಬಾಯಿಪಾಠ ಮಾಡಿಸುವ ಪದ್ಧತಿಯ ವಿರುದ್ಧ ಬರೆದು ದೊಡ್ಡ ವಾದ ಎಬ್ಬಿಸಿದರು. 2000ದಲ್ಲಿ ಅಲ್ಲಿನ ರಾಷ್ಟ್ರೀಯ ಓದು ಸಮಿತಿ, 2006ರಲ್ಲಿ ಇಂಗ್ಲೆಂಡಿನ ಜಿಮ್ ರೋಸ್ ವರದಿ, ಧ್ವನಿಯನ್ನು ಕ್ರಮವಾಗಿ ಕಲಿಸುವುದರ ಪರ ನಿಂತವು. 2012ರಿಂದ ಇಂಗ್ಲೆಂಡಿನ ಒಂದನೇ ತರಗತಿಯ ಮಕ್ಕಳಿಗೆ 40 ಪದಗಳ ಪರೀಕ್ಷೆ ನಡೆಯುತ್ತದೆ; ಅದರಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ, ಬರೀ ಸದ್ದು ಕೂಡಿಸಲು ಬರುತ್ತದೆಯೋ ಎಂದು ನೋಡುವುದಕ್ಕೆ. ಇವನ್ನೆಲ್ಲ ಸಭೆಗಳಲ್ಲಿ ಹೇಳುವಾಗ ನನ್ನ ದನಿಗೆ ಬಲ ಬರುತ್ತದೆ. ಆದರೆ ಅದು ಎರವಲು ಬಲ. ಆ ತೀರ್ಪುಗಳು ಹುಟ್ಟಿದ್ದು ಇಂಗ್ಲಿಷಿನ ತೊಡಕಿನಿಂದ, ಅಲ್ಲಿ ಬರೆದಂತೆ ಓದುವುದೇ ದೊಡ್ಡ ಸಮಸ್ಯೆ. ನಮ್ಮಲ್ಲಿ ಬರೆದಂತೆ ಓದುವುದು ತಡವಾದರೂ ಬರುತ್ತದೆ. ಓದಿದ್ದು ಮನಸ್ಸಿಗೆ ಇಳಿಯುವುದೇ ಸಮಸ್ಯೆ. ಅರ್ಥವಿಲ್ಲದ ಪದಗಳ ಪರೀಕ್ಷೆ ನಮ್ಮ ಮಕ್ಕಳಿಗೆ ಬೇಡ. ಅರ್ಥ ಗೊತ್ತಿಲ್ಲದ ಪದಗಳು ಅವರ ಪುಸ್ತಕದಲ್ಲಿ ಈಗಾಗಲೇ ಬೇಕಾದಷ್ಟಿವೆ.

ನನ್ನ ಪಕ್ಷಕ್ಕೆ ನಿಜವಾದ ಪರೀಕ್ಷೆ ಕಬ್ಬಿನ ಹಂಗಾಮು. ಕಾರ್ಖಾನೆಗಳ ಹೊಗೆ ಏಳಲು ಶುರುವಾದ ಕೂಡಲೇ ಬೇರೆ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ನಮ್ಮ ಹೊಲಗಳಿಗೆ ಬರುತ್ತವೆ, ಬೀಡ ಜಿಲ್ಲೆಯ ಕಡೆಯವರೂ ಇರುತ್ತಾರೆ. ಹೊಲದ ಬದಿಗೆ ಜೋಪಡಿ ಏಳುತ್ತವೆ, ಜೊತೆಗೆ ಮಕ್ಕಳು. ನಮ್ಮ ಕಡೆಯ ಕೆಲವು ಮನೆಗಳೂ ದಗದ ಹುಡುಕಿಕೊಂಡು ಬೇರೆ ಊರಿಗೆ ಹೋಗುತ್ತವೆ. ಅಕ್ಷರದ ಮಧ್ಯದಲ್ಲೇ ಮಗು ಹೊರಟುಬಿಡುತ್ತದೆ, ಬೇಸಿಗೆಗೆ ತಿರುಗಿ ಬರುತ್ತದೆ. 2019ರ ಜೂನಿನಲ್ಲಿ ಒಂದನೇತ್ತೆಗೆ ಸೇರಿದ ಮಕ್ಕಳಿಗೆ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರ ಬಂತು, ಮುಂದಿನ ಮಾರ್ಚಿಗೆ ಕೊರೋನಾದಿಂದ ಶಾಲೆಯೇ ಮುಚ್ಚಿತು. ಅವರು ಅಕ್ಷರ ಬಾರದೆಯೇ ಮೇಲಿನ ತರಗತಿಗೆ ಹೋದರು. 2022-23ರ ಕಲಿಕಾ ಚೇತರಿಕೆಯ ವರ್ಷದಲ್ಲಿ ಅಂಥ ದೊಡ್ಡ ಮಕ್ಕಳನ್ನು ಕೂರಿಸಿಕೊಂಡಾಗ ಧ್ವನಿಯ ದಾರಿ ನನ್ನ ಕೈ ಬಿಡಲಿಲ್ಲ. ಅಷ್ಟು ಎತ್ತರ ಬೆಳೆದ ಹುಡುಗನಿಗೆ ಮತ್ತೆ ಅ ಆ ಇ ಈ ಎಂದು ಶುರು ಮಾಡಿದರೆ ನಾಚಿಕೆಯಿಂದ ಎದ್ದು ಹೋಗುತ್ತಾನೆ. ಐದು ಅಕ್ಷರ ಕೊಟ್ಟು ಅವತ್ತೇ ಪದ ಓದಿಸಿದರೆ ಮರುದಿನ ತಾನಾಗಿ ಬರುತ್ತಾನೆ. ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಅನುಮಾನ ಇರುವುದು ನನ್ನ ಒಲವಿನ ಬಗ್ಗೆ. ತರಗತಿಯಲ್ಲಿ ನನ್ನ ಕಣ್ಣು ಹೆಚ್ಚು ಹೊತ್ತು ಯಾರ ಮೇಲೆ ನಿಲ್ಲುತ್ತದೆ? ಹೇಳಿದ ಕೂಡಲೇ ಹಿಡಿಯುವ ಮಗುವಿನ ಮೇಲೆ, ಪುಸ್ತಕದ ಮಾತಿಗೆ ಹತ್ತಿರವಾದ ಮಾತಾಡುವ ಮನೆಯಿಂದ ಬಂದ ಮಗುವಿನ ಮೇಲೆ. ಅದು ಓದುವಾಗ ನನ್ನ ಕಷ್ಟಕ್ಕೆ ಫಲ ಸಿಕ್ಕಿತು ಅನ್ನಿಸುತ್ತದೆ. ಮಾರ್ಗಶಿರದಲ್ಲಿ ಹೋಗಿ ಚೈತ್ರಕ್ಕೆ ಬರುವ ಮಗುವಿಗೆ ಎಷ್ಟು ಕಲಿಸಿದರೂ ಅದು ನನ್ನ ಪ್ರಗತಿ ನೋಟದಲ್ಲಿ ಕಾಣುವುದಿಲ್ಲ. ಹೀಗೆ ವಾಲುವ ಮನಸ್ಸು ನನ್ನೊಬ್ಬಳದೇ ಎಂದು ನಾನು ಅಂದುಕೊಂಡಿಲ್ಲ, ಕಲಿಸುವ ಎಲ್ಲರಲ್ಲೂ ಇದು ಇದೆ. ಅದಕ್ಕೆ ಉಪದೇಶ ಮದ್ದಲ್ಲ, ರೂಢಿ ಮದ್ದು. ಹಾಗಾಗಿ ಓದಿಸುವ ಸರದಿಯನ್ನು ನಾನು ತಡವಾಗಿ ಬಂದವರಿಂದ, ಮಾತು ಕಡಿಮೆ ಇರುವವರಿಂದ ಶುರು ಮಾಡುತ್ತೇನೆ. ದಿನದ ಮೊದಲ ಗಮನ, ದಣಿಯದ ಕಿವಿ ಅವರಿಗೆ ಸಿಗಲಿ ಎಂದು.

ಹತ್ತೊಂಬತ್ತನೇ ಶತಮಾನದಲ್ಲಿ ಮುಂಬಯಿ ಪ್ರಾಂತ್ಯದ ನಮ್ಮ ಈ ಜಿಲ್ಲೆಗಳಲ್ಲಿ ಕನ್ನಡದ ಮಕ್ಕಳು ಮರಾಠಿಯಲ್ಲೇ ಅಕ್ಷರ ಕಲಿಯಬೇಕಾಗಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದರು. ಮಗುವಿಗೆ ಅದರ ಮಾತಿನಲ್ಲೇ ಅಕ್ಷರ ಸಿಗಬೇಕು ಎಂಬುದು ಅವರ ದುಡಿಮೆಯ ತಿರುಳು. ಆ ಶಾಲೆಗಳ ವಾರಸುದಾರಳಾದ ನಾನು ಈಗ ನನ್ನ ತರಗತಿಯ ಮರಾಠಿ ಮನೆಯ ಮಗುವಿಗೆ, ‘ಸಾಲಿ’ ಎನ್ನುವ ಕನ್ನಡದ ಮಗುವಿಗೆ, ದಗದದವರ ಮಗುವಿಗೆ ಅದೇ ನ್ಯಾಯ ಸಲ್ಲಿಸಬೇಕು. ಅವರ ತತ್ವವನ್ನು ಭಾಷೆಯ ಹೆಸರಿಗೆ ಮಾತ್ರ ಕಟ್ಟಿಹಾಕಿದರೆ ಸಾಲದು, ಮಗುವಿನ ಬಾಯಿಯ ತನಕ ಒಯ್ಯಬೇಕು.

ಆದ್ದರಿಂದ ನಾನು ಈಗಲೂ ಧ್ವನಿಯ ಪಕ್ಷದವಳೇ. ಆ ಪಕ್ಷ ನನ್ನಿಂದ ಕೇಳುವುದು ಏನು ಎಂಬುದು ಮಾತ್ರ ಮೊದಲಿಗಿಂತ ಸ್ಪಷ್ಟವಾಗಿದೆ. ಜೂನಿನ ಮೊದಲ ವಾರಗಳಲ್ಲಿ ನಾನು ಅಕ್ಷರಕ್ಕೆ ಆತುರಪಡುವುದಿಲ್ಲ. ಮಕ್ಕಳನ್ನು ಮಾತಾಡಿಸುತ್ತೇನೆ, ಯಾವ ಮಗು ಪದದ ಕೊನೆಯನ್ನು ಹೇಗೆ ಅನ್ನುತ್ತದೆ, ಯಾವುದಕ್ಕೆ ಮಹಾಪ್ರಾಣ ಕೇಳುತ್ತದೆ, ಯಾವುದು ಮನೆಯಲ್ಲಿ ಏನೆಂದು ಕರೆಯುತ್ತದೆ ಎಂದು ಒಂದು ವಹಿಯಲ್ಲಿ ಬರೆದಿಡುತ್ತೇನೆ. ರ ಗ ಸ ದ ಅ ಕಲಿಸುವಾಗ ಆ ವಹಿಯ ಪದಗಳನ್ನು ಕಾರ್ಡಿನ ಪದಗಳ ಜೊತೆ ಹಚ್ಚುತ್ತೇನೆ. ಓದಿದ ಪ್ರತಿ ಸಾಲಿಗೂ ಅರ್ಥ ಕೇಳುತ್ತೇನೆ. ಮಗುವನ್ನು ಶಾಲೆಗೆ ಕಳಿಸುವ ತಂದೆತಾಯಿಗೆ ನನ್ನ ವಿನಂತಿಯೂ ಇದೇ. “ಅಕ್ಕೋರ, ನೀವು ಫೋನಿಕ್ಸ್ ಕಲಸ್ತೀರೇನ್ರಿ?” ಎಂದು ಕೇಳುತ್ತೀರಿ, ಕೇಳಿ. ಕಲಿಸುತ್ತೇವೆ. ಅದರ ಜೊತೆಗೆ ಇನ್ನೊಂದನ್ನೂ ಕೇಳಿ: ನಮ್ಮ ಹುಡುಗ ಮನೆಯಲ್ಲಿ ಹೇಗೆ ಮಾತಾಡುತ್ತಾನೆ ಎಂಬುದು ನಿಮಗೆ ಗೊತ್ತೇ? ಸರ್ಕಾರಿ ಶಾಲೆಯಾಗಲಿ, ಫೀ ಕಟ್ಟುವ ಕ್ಲಾಸಾಗಲಿ, ಈ ಎರಡನೇ ಪ್ರಶ್ನೆಗೆ ಹೌದು ಎಂದು ಉತ್ತರಿಸಲಾಗದವರು ಮೊದಲನೆಯದಕ್ಕೆ ಹೌದು ಅಂದರೂ ಅದು ಅರ್ಧ ಉತ್ತರ.